ಮಗನ ಫ್ರೆಟರ್ನಿಟಿ ಸದಸ್ಯತ್ವ: ಮೂರು ಸೆಮಿಸ್ಟರಿನ ಬಿಲ್ಲು ಕಟ್ಟಿದ ಮೇಲೊಂದು ವಿಮರ್ಶೆ

ಮೊದಲ ಬಿಲ್ಲು ಬಂದದ್ದು 2025ರ ಫೆಬ್ರವರಿಯಲ್ಲಿ. ಮೊತ್ತ 1,285 ಡಾಲರ್. ಸೆಮಿಸ್ಟರಿನ ಚಂದಾ, ಹೊಸ ಸದಸ್ಯನ ನೋಂದಣಿ, ರಾಷ್ಟ್ರೀಯ ಸಂಸ್ಥೆಯ ಪಾಲು, ಬ್ಯಾಡ್ಜಿನ ಬೆಲೆ, ಹೊಣೆಗಾರಿಕೆ ವಿಮೆ ಎಂದು ಐದು ಸಾಲುಗಳಲ್ಲಿ ಅದನ್ನು ಬಿಡಿಸಿ ಬರೆದಿದ್ದರು. ಅದಕ್ಕೆ ಎರಡು ದಿನ ಮೊದಲು ಮಗ ಫೋನ್ ಮಾಡಿ, "ಅಪ್ಪಾ, ಬಿಡ್ ಸಿಕ್ತು," ಎಂದು ಸಂಭ್ರಮದಿಂದ ಹೇಳಿದ್ದ. ಫ್ರೆಟರ್ನಿಟಿ ಎಂದರೆ ಇಲ್ಲಿಯ ಕಾಲೇಜು ಹುಡುಗರು ಗ್ರೀಕ್ ಅಕ್ಷರಗಳ ಹೆಸರಿಟ್ಟು ಕಟ್ಟಿಕೊಳ್ಳುವ, ಹೆಚ್ಚಾಗಿ ಒಂದೇ ಮನೆಯಲ್ಲಿ ಕೂಡಿ ಇರುವ ಸಂಘ; ಬಿಡ್ ಎಂದರೆ ಅವರು ಕೊಡುವ ಆಹ್ವಾನ. ಅದಕ್ಕೂ ಮುಂಚೆ ಎರಡು ವಾರ ಸಂಜೆಯ ಹೊತ್ತು ಒಂದೊಂದೇ ಫ್ರೆಟರ್ನಿಟಿ ಮನೆಗೆ ಹೋಗಿ, ಹಿರಿಯ ವಿದ್ಯಾರ್ಥಿಗಳಿಗೆ ಮುಖ ತೋರಿಸಿ, ನಾಲ್ಕು ಮಾತನಾಡಿ ಬರುವ ಕ್ರಮಕ್ಕೆ ರಷ್ ಎನ್ನುತ್ತಾರೆ. ನಮ್ಮ ಹೆಣ್ಣು ನೋಡುವ ಶಾಸ್ತ್ರದಂತೆ ಇಲ್ಲಿಯೂ ಎರಡು ಕಡೆಯವರೂ ಒಪ್ಪಬೇಕೆಂಬುದು ಹೆಸರಿಗಷ್ಟೇ. ಉಪ್ಪಿಟ್ಟು ತಿಂದು ಎದ್ದುಹೋದವರು ಏನು ಹೇಳಿ ಕಳಿಸುತ್ತಾರೋ ಅದೇ ಕೊನೆಯ ಮಾತು.

ಈಗ ಮೂರನೆಯ ಬಿಲ್ಲನ್ನೂ ಕಟ್ಟಿಯಾಗಿದೆ. ಮಕ್ಕಳನ್ನು ಇಲ್ಲಿಯ ಕಾಲೇಜುಗಳಿಗೆ ಸೇರಿಸಲು ಹೊರಟಿರುವ ಪರಿಚಯದ ಕನ್ನಡ ಕುಟುಂಬಗಳು ಸಂಕ್ರಾಂತಿಯ ಊಟದಲ್ಲಿ, ಯುಗಾದಿಯ ಕಾರ್ಯಕ್ರಮದಲ್ಲಿ ಸಿಕ್ಕಾಗಲೆಲ್ಲ ಸ್ವಲ್ಪ ದನಿ ತಗ್ಗಿಸಿ ಇದನ್ನೇ ಕೇಳುತ್ತಿರುವುದರಿಂದ, ಹಣ ಕೊಟ್ಟು ಪಡೆದ ಯಾವುದೇ ಸೇವೆಯನ್ನು ತೂಗಿ ನೋಡುವ ಹಾಗೆ ಇದನ್ನೂ ಒಮ್ಮೆ ತೂಗಿ ಬರೆದಿಡೋಣ ಎನ್ನಿಸಿತು. ಚಾಪ್ಟರಿನ, ಎಂದರೆ ಫ್ರೆಟರ್ನಿಟಿಯ ಸ್ಥಳೀಯ ಶಾಖೆಯ, ಹೆಸರನ್ನಾಗಲಿ ವಿಶ್ವವಿದ್ಯಾಲಯದ ಹೆಸರನ್ನಾಗಲಿ ಹೇಳುವುದಿಲ್ಲ. ಅಮೆರಿಕದ ಮಧ್ಯಪಶ್ಚಿಮದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಎಂದರೆ ಸಾಕು. ಹೊಸ ಹೋಟೆಲಿಗೆ ಹೋಗುವ ಮುಂಚೆ ಅಲ್ಲಿಯ ದೋಸೆಯ ಬಗ್ಗೆ ಇಬ್ಬರು ಮೂವರು ಏನಾದರೂ ಹೇಳಿರುತ್ತಾರೆ, ಅಷ್ಟೆ. ಫ್ರೆಟರ್ನಿಟಿಯ ಬಗ್ಗೆಯಾದರೋ ಸಿನಿಮಾ, ಪತ್ರಿಕೆ, ಟಿವಿ, ಇತ್ತೀಚೆಗೆ ಟಿಕ್‌ಟಾಕ್, ಎಲ್ಲವೂ ಅರ್ಧ ಶತಮಾನದಿಂದ ಹೇಳುತ್ತಲೇ ಬಂದಿವೆ. ಆ ಮಾತುಗಳನ್ನೆಲ್ಲ ಪಕ್ಕಕ್ಕಿಟ್ಟು ಸೇವೆಯನ್ನು ಮಾತ್ರ ನೋಡೋಣ ಎಂದು ಹೊರಟ ನನಗೆ ಅದು ಆಗದ ಕೆಲಸವೆಂದು ಕ್ರಮೇಣ ತಿಳಿಯಿತು, ಏಕೆಂದರೆ ನಾವು ಕಟ್ಟುವ ಹಣದಲ್ಲಿ ಒಂದು ಪಾಲು ಆ ಚಿತ್ರಕ್ಕೇ ಸಲ್ಲುತ್ತದೆ.

ಸುದ್ದಿ ಊರು ಮುಟ್ಟಿದ ದಿನವೇ ಶಿವಮೊಗ್ಗದಿಂದ ಅಣ್ಣ ಫೋನ್ ಮಾಡಿ, "ಏನೋ, ಹುಡುಗನ್ನ ಕುಡುಕರ ಮನೆಗೆ ಸೇರಿಸಿದ್ಯಂತಲ್ಲೋ?" ಎಂದು ಕೇಳಿದ. ಅವನು ಈ ದೇಶಕ್ಕೆ ಒಮ್ಮೆಯೂ ಬಂದವನಲ್ಲ; ಟಿವಿಯಲ್ಲಿ ಕಂಡ ಒಂದೆರಡು ಹಾಲಿವುಡ್ ಸಿನಿಮಾಗಳೇ ಅವನಿಗೆ ಆಧಾರ. ಇಪ್ಪತ್ತನಾಲ್ಕು ವರ್ಷದಿಂದ ಇಲ್ಲಿರುವ ನನ್ನ ತಿಳಿವಳಿಕೆಯೂ ಅದಕ್ಕಿಂತ ಮುಂದೆ ಹೋಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ನಮ್ಮಿಬ್ಬರ ತಲೆಯಲ್ಲಿದ್ದ ಚಿತ್ರದ ಮೂಲ ಒಂದೇ, 1978ರ 'ಅನಿಮಲ್ ಹೌಸ್'. ಅಣ್ಣ ಅದನ್ನು ನೋಡಿಲ್ಲ; ಆದರೆ ಅವನು ನೋಡಿದವೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ಆ ಸಿನಿಮಾದ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಡಾರ್ಟ್‌ಮತ್ ಕಾಲೇಜಿನ ಆಲ್ಫಾ ಡೆಲ್ಟಾ ಎಂಬ ಫ್ರೆಟರ್ನಿಟಿಯಲ್ಲಿದ್ದ ಕ್ರಿಸ್ ಮಿಲ್ಲರ್ ತನ್ನ ದಿನಗಳನ್ನು 'ನ್ಯಾಷನಲ್ ಲ್ಯಾಂಪೂನ್' ಹಾಸ್ಯ ಪತ್ರಿಕೆಗೆ ಕತೆಗಳಾಗಿ ಬರೆದಿದ್ದ. ಆ ಕತೆಗಳನ್ನು ಆಧರಿಸಿ ಆತ ಇನ್ನಿಬ್ಬರೊಡನೆ ಸೇರಿ ಸಿದ್ಧಪಡಿಸಿದ ಚಿತ್ರಕತೆಯನ್ನು ಜಾನ್ ಲ್ಯಾಂಡಿಸ್ ನಿರ್ದೇಶಿಸಿದ. ಒರೆಗಾನ್ ವಿಶ್ವವಿದ್ಯಾಲಯದ ಆವರಣದಲ್ಲಿ ಸುಮಾರು 30 ಲಕ್ಷ ಡಾಲರಿನಲ್ಲಿ ತೆಗೆದ ಚಿತ್ರ 14 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 1962ರಲ್ಲಿ ನಡೆಯುವ ಆ ಕತೆಯಲ್ಲಿ ಡೀನ್ ಖಳನಾಯಕ. ಕುಡಿದು, ಕುಣಿದು, ಪರೀಕ್ಷೆಯಲ್ಲಿ ನಪಾಸಾಗುವ ಹುಡುಗರು ನಾಯಕರು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಡೀನ್ ಹಿಂದೆ ಸುತ್ತುವ ಶ್ರೀಮಂತ ಹುಡುಗರ ಇನ್ನೊಂದು ಫ್ರೆಟರ್ನಿಟಿಯೇ ದುಷ್ಟರ ಮನೆ. ಶಿಸ್ತಿನ ಮನೆಗೆ ಗೇಲಿ, ಶಿಸ್ತಿಲ್ಲದ ಮನೆಗೆ ಚಪ್ಪಾಳೆ. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ವಿದ್ಯಾರ್ಥಿಗಳು ಹಳೆಯ ಕಾಲದ್ದೆಂದು ಮೂಗು ಮುರಿದಿದ್ದ ಈ ಮನೆಗಳತ್ತ 1980ರ ದಶಕದಲ್ಲಿ ಹುಡುಗರು ಮತ್ತೆ ಸಾಲುಗಟ್ಟಿದರು; ಹಾಸಿಗೆಯ ಚಾದರ ಸುತ್ತಿಕೊಂಡು ರೋಮನ್ನರ ವೇಷದಲ್ಲಿ ಕುಣಿಯುವ ಟೋಗಾ ಪಾರ್ಟಿಯಂತೂ ಸಿನಿಮಾ ಬಂದ ಕೆಲವೇ ತಿಂಗಳಲ್ಲಿ ಕಾಲೇಜಿನಿಂದ ಕಾಲೇಜಿಗೆ ಹಬ್ಬಿತು. ಹೀಗೆ ಲೇವಡಿಯೇ ಜಾಹೀರಾತಾಯಿತು.

ಫ್ರೆಟರ್ನಿಟಿಗಳು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವ ಕತೆ ಇದಲ್ಲ. ಮಗನ ಚಾಪ್ಟರಿನವರು ಕೊಟ್ಟ ಕೈಪಿಡಿ ಶುರುವಾಗುವುದು 1776ರ ಡಿಸೆಂಬರ್ 5ರಿಂದ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪ ಎಂಬ ಮೊದಲ ಗ್ರೀಕ್ ಅಕ್ಷರದ ಸಂಘದಿಂದ. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಆರಂಭವಾದ ಕಪ್ಪ ಆಲ್ಫಾ ಸೊಸೈಟಿ ಇಂದಿನ ಮಾದರಿಯ ಫ್ರೆಟರ್ನಿಟಿಗಳಿಗೆ ಹಿರಿಯಣ್ಣ. ಚರ್ಚೆ, ಸಾಹಿತ್ಯ, ಗುಟ್ಟಿನ ಹಸ್ತಲಾಘವ, ಪ್ರತಿಜ್ಞೆ ಇತ್ಯಾದಿ ಇತ್ಯಾದಿ. ನಾನು ಆ ಪುಟಗಳನ್ನು ಬೇಗ ಬೇಗ ಮಗುಚಿದೆ.

ಏಪ್ರಿಲ್‌ನಲ್ಲಿ ಪೋಷಕರ ವಾರಾಂತ್ಯವೆಂದು ಕರೆದಾಗ ನಾನೂ ನನ್ನ ಹೆಂಡತಿಯೂ ಐದು ಗಂಟೆ ಕಾರು ಓಡಿಸಿಕೊಂಡು ಹೋದೆವು. ಕೆಂಪು ಇಟ್ಟಿಗೆಯ ಮೂರಂತಸ್ತಿನ ಮನೆ, ಮುಂದೆ ನಾಲ್ಕು ಬಿಳಿಯ ಕಂಬ. ಚಾಪ್ಟರಿನ ಅಧ್ಯಕ್ಷನಾದ ಇಪ್ಪತ್ತೊಂದರ ಹುಡುಗ ಟೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಕುಲುಕುತ್ತಿದ್ದ. ನನ್ನ ಹೆಂಡತಿಯ ಹೆಸರನ್ನು ಎರಡು ಸಲ ಕೇಳಿ, ಮೂರನೆಯ ಸಲ ಸರಿಯಾಗಿ ಹೇಳಿದ. ಹಜಾರದ ಗೋಡೆಯ ಮೇಲೆ ವರ್ಷಕ್ಕೊಂದರಂತೆ ಸದಸ್ಯರ ಚಿಕ್ಕ ಚಿಕ್ಕ ಫೋಟೊಗಳನ್ನು ಜೋಡಿಸಿ ಮಾಡಿದ ದೊಡ್ಡ ಚೌಕಟ್ಟುಗಳಿದ್ದವು. ಹಳೆಯ ಚೌಕಟ್ಟುಗಳಲ್ಲಿ ಒಂದೇ ಬಣ್ಣದ ಮುಖಗಳು. 1990ರ ದಶಕಕ್ಕೆ ಬಂದರೆ ಅಲ್ಲೊಂದು ಇಲ್ಲೊಂದು ಬೇರೆ ಮುಖ. ಕೊನೆಯ ಚೌಕಟ್ಟಿನಲ್ಲಿ ನನ್ನ ಮಗನೂ ಸೇರಿ ಐದಾರು ಭಾರತೀಯ ಹೆಸರುಗಳು. ನೆಲವನ್ನು ಅದೇ ಬೆಳಗ್ಗೆ ಒರೆಸಿದ್ದರೂ ಕಾರ್ಪೆಟ್ಟಿನ ಅಂಚಿನಿಂದ ಹುಳಿಹುಳಿಯಾದ ಬಿಯರಿನ ವಾಸನೆ ಬರುತ್ತಿತ್ತು. ನನ್ನ ಹೆಂಡತಿ ಏನೂ ಹೇಳಲಿಲ್ಲ, ಸೆರಗಿನ ತುದಿಯನ್ನು ಮೂಗಿನವರೆಗೆ ತಂದು ಇಳಿಸಿದಳು.

ನೆಲಮಾಳಿಗೆಯಲ್ಲಿ ಟೇಬಲ್ ಟೆನ್ನಿಸ್ ಮೇಜಿನ ಹಿಂದಿನ ಗೋಡೆಗೆ ಎರಡು ಕಾಗದಗಳಿದ್ದವು. ಎಡಕ್ಕೆ ರಾಷ್ಟ್ರೀಯ ಸಂಸ್ಥೆ ಕಳಿಸಿದ, ಪ್ಲಾಸ್ಟಿಕ್ ಹೊದಿಸಿದ ಸೂಚನೆ: ಹೇಜಿಂಗ್, ಎಂದರೆ ಸೇರಿಸಿಕೊಳ್ಳುವ ನೆಪದಲ್ಲಿ ಹೊಸಬರಿಗೆ ಕೊಡುವ ಹಿಂಸೆ, ಕಂಡುಬಂದರೆ ಕರೆ ಮಾಡಬೇಕಾದ ಸಂಖ್ಯೆ, ಮನೆಯೊಳಗೆ ನಿಷಿದ್ಧವಾದ ವಸ್ತುಗಳ ಪಟ್ಟಿ. ಬಲಕ್ಕೆ ಗಾಜು ಹಾಕಿ ಕಟ್ಟಿಸಿದ 'ಅನಿಮಲ್ ಹೌಸ್' ಪೋಸ್ಟರ್. ಸೂಚನೆಯ ಒಂದು ಮೂಲೆ ಕಿತ್ತು ಜೋತಿತ್ತು. ಪೋಸ್ಟರಿನ ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು. ಟೈ ಕಟ್ಟಿದ್ದ ಹುಡುಗ ನನ್ನ ಕಣ್ಣು ಅತ್ತ ಹೋದದ್ದನ್ನು ಕಂಡು, ಅದು ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ಉಡುಗೊರೆ, ಬರಿಯ ತಮಾಷೆಗೆ ಎಂದ. ಆತನ ಮಾತನ್ನು ನಾನು ನಂಬುತ್ತೇನೆ. ಆದರೆ ಮೇಲಿನ ಹಜಾರದಲ್ಲಿ ನಮಗೆ ತೋರಿಸಿದ ಸ್ಲೈಡುಗಳಲ್ಲಿ ಮಾಧ್ಯಮಗಳು ನಮ್ಮನ್ನು ತಪ್ಪಾಗಿ ಬಿಂಬಿಸುತ್ತವೆ ಎಂಬ ಅರ್ಥದ ಒಂದು ಸ್ಲೈಡೇ ಇತ್ತು. ರಷ್‌ನ ಸಂಜೆಗಳಲ್ಲಿ ಹದಿನೆಂಟರ ಹುಡುಗರನ್ನು ಕೂರಿಸುತ್ತಿದ್ದದ್ದು ಮಾತ್ರ ಆ ಸ್ಲೈಡಿನ ಕೆಳಗಲ್ಲ, ಈ ಪೋಸ್ಟರಿನ ಕೆಳಗೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ವಾರದಲ್ಲಿ ಐದು ದಿನ ಅಡುಗೆಯವರೊಬ್ಬರು ಬರುತ್ತಾರೆ. ಸಸ್ಯಾಹಾರವೆಂದರೆ ಚೀಸ್, ಬೀನ್ಸ್, ಮತ್ತೆ ಚೀಸ್. ಮನೆಯಿಂದ ಕಳಿಸಿದ ಚಟ್ನಿಪುಡಿಯ ಡಬ್ಬಿಯನ್ನು ಮಗ ಅಡುಗೆಮನೆಯ ಕಪಾಟಿನಲ್ಲಿ ಹೆಸರು ಬರೆದಿಟ್ಟಿದ್ದನಂತೆ. ಮೂರನೆಯ ವಾರಕ್ಕೆ ಪಿಜ್ಜಾದ ಮೇಲೆ ಅದನ್ನು ಉದುರಿಸಿಕೊಳ್ಳುವುದು ಇಡೀ ಮನೆಯ ಅಭ್ಯಾಸವಾಗಿ ಡಬ್ಬಿ ಖಾಲಿಯಾಯಿತು. ಇದು ಸೇವೆಯ ಲೋಪವೋ ಗುಣವೋ ನನಗೆ ತೀರ್ಮಾನಿಸಲಾಗಲಿಲ್ಲ.

ಕೊಟ್ಟ ಹಣಕ್ಕೆ ನಿಜವಾಗಿ ಸಿಕ್ಕಿದ್ದು ಬೇರೆ ಇದೆ. ಅಂಕ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹೊಸ ಸದಸ್ಯರನ್ನು ವಾರಕ್ಕೆ ಇಂತಿಷ್ಟು ಗಂಟೆ ಗ್ರಂಥಾಲಯದಲ್ಲಿ ಕೂರಿಸುತ್ತಾರೆ. ಲೆಕ್ಕದಲ್ಲಿ ಎಡವಿದ್ದ ನಮ್ಮವನಿಗೆ ಮೇಲಿನ ತರಗತಿಯ ಒಬ್ಬ ಹುಡುಗ ಒಂದು ಸೆಮಿಸ್ಟರ್ ಪೂರ್ತಿ ಪಾಠ ಹೇಳಿಕೊಟ್ಟ. ಬೇಸಿಗೆಯ ಇಂಟರ್ನ್‌ಶಿಪ್ ಸಂದರ್ಶನ ಸಿಕ್ಕಿದ್ದು ಇದೇ ಮನೆಯಲ್ಲಿ 1990ರ ದಶಕದಲ್ಲಿದ್ದ ಒಬ್ಬರ ಒಂದು ಇಮೇಲಿನಿಂದ. ಜ್ವರ ಬಂದಾಗ ರಾತ್ರಿ ಎರಡಕ್ಕೆ ಆಸ್ಪತ್ರೆಗೆ ಕರೆದೊಯ್ದದ್ದು ಕೋಣೆಯ ಜೊತೆಗಾರ. ಇದರಲ್ಲಿ ಒಂದೂ ನನಗೆ ಹೊಸದೆನ್ನಿಸಲಿಲ್ಲ. ದಾವಣಗೆರೆಯಲ್ಲಿ ಓದುವಾಗ ನಾನಿದ್ದದ್ದು ನಮ್ಮ ಸಮುದಾಯದವರು ನಡೆಸುತ್ತಿದ್ದ ವಿದ್ಯಾರ್ಥಿ ನಿಲಯದಲ್ಲಿ. ಸಾಲು ಪಂಕ್ತಿಯ ಊಟ, ಸೀನಿಯರುಗಳ ದರ್ಬಾರು, ಅದೇ ನಿಲಯದಲ್ಲಿ ಬೆಳೆದು ಬೆಂಗಳೂರಿನಲ್ಲಿ ದೊಡ್ಡ ಹುದ್ದೆಗೇರಿದ ಅಣ್ಣಂದಿರ ಶಿಫಾರಸು ಪತ್ರ, ಎಲ್ಲವೂ ಅಲ್ಲಿತ್ತು. ನನ್ನ ಮೊದಲ ಕೆಲಸವೇ ಅಂಥದ್ದೊಂದು ಪತ್ರದಿಂದ ಸಿಕ್ಕಿದ್ದು. ಆ ನಿಲಯದ ಬಗ್ಗೆ ಯಾರೂ ಸಿನಿಮಾ ತೆಗೆಯಲಿಲ್ಲ, ತೆಗೆಯುವಂಥದ್ದೇನೂ ಅಲ್ಲಿ ಇರಲಿಲ್ಲ ಎಂದಲ್ಲ. ಯಾರಿಗೆ ಬಾಗಿಲು ತೆರೆದಿತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಯನ್ನು ಆ ವಯಸ್ಸಿನಲ್ಲಿ ನಾನು ಕೇಳಿಕೊಳ್ಳಲಿಲ್ಲ. ಮಗನ ಮನೆಯ ಗೋಡೆಯ ಮೇಲಿನ ಆ ಹಳೆಯ ಚೌಕಟ್ಟುಗಳ ಎದುರು ನಿಂತಾಗ ಕೇಳಿಕೊಂಡೆ.

ಇನ್ನು ಪತ್ರಿಕೆಗಳ ಫ್ರೆಟರ್ನಿಟಿ. ಹಾಲಿವುಡ್ಡಿಗೂ ಮುಂಚೆಯೇ, 1967ರ ನವೆಂಬರಿನಲ್ಲಿ, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಾದ 'ಯೇಲ್ ಡೈಲಿ ನ್ಯೂಸ್' ಡೆಲ್ಟಾ ಕಪ್ಪ ಎಪ್ಸಿಲಾನ್ ಫ್ರೆಟರ್ನಿಟಿಯಲ್ಲಿ ಹೊಸಬರ ಮೈಗೆ ಕಾಸಿದ ತಂತಿಯಿಂದ ಬರೆ ಹಾಕುತ್ತಾರೆಂದು ವರದಿ ಮಾಡಿತು. ಅದು ಸಿಗರೇಟು ತಗುಲಿದಷ್ಟೇ ಗಾಯ ಎಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಸಮಜಾಯಿಷಿ ಕೊಟ್ಟವರು ಅದರ ಮಾಜಿ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯು ಬುಷ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಬರೆಯ ವಿಷಯ ಅಲ್ಲಿಗೇ ಮುಗಿಯಲಿಲ್ಲ. 'ಅನಿಮಲ್ ಹೌಸ್'ಗೆ ಮೂಲವಾದ ಡಾರ್ಟ್‌ಮತ್‌ನ ಅದೇ ಆಲ್ಫಾ ಡೆಲ್ಟಾ ಮನೆಯ ಮಾನ್ಯತೆಯನ್ನು ಕಾಲೇಜು 2015ರಲ್ಲಿ ರದ್ದು ಮಾಡಿತು. ಕಾರಣ, ಹೊಸ ಸದಸ್ಯರ ಮೈಮೇಲೆ ಬರೆ. ಜಗತ್ತೆಲ್ಲ ನಕ್ಕ ಮನೆ ಬಾಗಿಲು ಮುಚ್ಚಿದ್ದು ಹೀಗೆ.

ಪತ್ರಿಕೆಗಳೇ ಎಡವಿದ್ದೂ ಉಂಟು, ಅದೂ ಭಯಂಕರವಾಗಿ. 2014ರ ನವೆಂಬರಿನಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ವರ್ಜೀನಿಯಾ ವಿಶ್ವವಿದ್ಯಾಲಯದ ಫೈ ಕಪ್ಪ ಸೈ ಮನೆಯಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತೆಂಬ ದೀರ್ಘ ವರದಿ ಪ್ರಕಟಿಸಿತು. ಆ ಮನೆಯ ಕಿಟಕಿಗಳಿಗೆ ಕಲ್ಲು ಬಿತ್ತು, ವಿಶ್ವವಿದ್ಯಾಲಯ ಎಲ್ಲ ಫ್ರೆಟರ್ನಿಟಿಗಳ ಚಟುವಟಿಕೆಯನ್ನು ಕೆಲಕಾಲ ನಿಲ್ಲಿಸಿತು. ವರದಿಯಲ್ಲಿ ಹೇಳಿದ್ದಕ್ಕೆ ಪುರಾವೆ ಪೊಲೀಸರಿಗೆ ಸಿಗಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ಪರಿಶೀಲಿಸಿ ವರದಿಗಾರಿಕೆಯ ಹಂತ ಹಂತದಲ್ಲೂ ಲೋಪವಿದೆಯೆಂದು ತೋರಿಸಿದ ಮೇಲೆ 2015ರ ಏಪ್ರಿಲ್‌ನಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. 2017ರಲ್ಲಿ ಆ ಚಾಪ್ಟರಿಗೆ 16.5 ಲಕ್ಷ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡಿತು. ಅಷ್ಟು ಜನ ಅದನ್ನು ಮರುಮಾತಿಲ್ಲದೆ ನಂಬಿದ್ದೇಕೆ ಎಂದರೆ, ಬಿಳಿಯ ಕಂಬಗಳ ಮನೆಯೊಳಗೆ ಹೀಗೇ ನಡೆಯುತ್ತದೆಂಬ ಚಿತ್ರ ಎಲ್ಲರ ತಲೆಯಲ್ಲೂ ಮೊದಲೇ ಇತ್ತು. ಈ ಪ್ರಕರಣದ ಇನ್ನೊಂದು ಮುಖ ನನಗೆ ಕಂಡದ್ದು ಪೋಷಕರ ಸಭೆಯಲ್ಲಿ. ಒಬ್ಬ ತಾಯಿ ಎದ್ದು ನಿಂತು ಹೊಸಬರ ಸುರಕ್ಷತೆಯ ಬಗ್ಗೆ ಕೇಳಿದಾಗ ಹಳೆಯ ವಿದ್ಯಾರ್ಥಿಗಳ ಪ್ರತಿನಿಧಿ ಕೊಟ್ಟ ಉತ್ತರದಲ್ಲಿ 'ರೋಲಿಂಗ್ ಸ್ಟೋನ್' ಹೆಸರು ಎರಡು ಸಲ ಬಂತು. ಆಕೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಒಂದು ಸುಳ್ಳು ವರದಿ ಹತ್ತು ನಿಜವಾದ ವರದಿಗಳ ವಿರುದ್ಧ ಗುರಾಣಿಯಾಗಿ ಬಿಟ್ಟಿದೆ.

ನಿಜವಾದವು ಇವೆ. ಅದೇ 2015ರ ಮಾರ್ಚಿನಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಸಿಗ್ಮಾ ಆಲ್ಫಾ ಎಪ್ಸಿಲಾನ್ ಹುಡುಗರು ಬಸ್ಸಿನಲ್ಲಿ ಕರಿಯರನ್ನು ಎಂದಿಗೂ ಸೇರಿಸುವುದಿಲ್ಲವೆಂದು ಹಾಡುತ್ತಿದ್ದ ವಿಡಿಯೊ ಹೊರಬಂದಾಗ ಅದರಲ್ಲಿ ಯಾವ ವರದಿಗಾರನ ಕೈಯೂ ಇರಲಿಲ್ಲ. ಚಾಪ್ಟರ್ ಕೆಲವೇ ದಿನಗಳಲ್ಲಿ ಮುಚ್ಚಿತು. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಮನೆಯಲ್ಲಿ ಹೊಸದಾಗಿ ಸೇರುತ್ತಿದ್ದ 19 ವರ್ಷದ ಹುಡುಗನಿಗೆ ಒಂದರ ಹಿಂದೊಂದು ಕುಡಿಸಿದರು. ಆತ ನೆಲಮಾಳಿಗೆಯ ಮೆಟ್ಟಿಲಿಂದ ಬಿದ್ದ ಮೇಲೆ ಆಂಬುಲೆನ್ಸಿಗೆ ಕರೆ ಹೋದದ್ದು ಸುಮಾರು 12 ಗಂಟೆ ಕಳೆದು. ಆ ಇಡೀ ರಾತ್ರಿಯನ್ನು ಜಗತ್ತಿಗೆ ತೋರಿಸಿದ್ದು ಆ ಮನೆಯದೇ ಭದ್ರತಾ ಕ್ಯಾಮೆರಾಗಳು. ಅದು ಮದ್ಯಮುಕ್ತವೆಂದು ಹೆಸರು ಪಡೆದಿದ್ದ ಮನೆ ಎಂಬುದನ್ನು ಓದಿದ ದಿನ ನಾನು ಮಗನಿಗೆ ಕಾರಣವಿಲ್ಲದೆ ಎರಡು ಸಲ ಫೋನ್ ಮಾಡಿದೆ. ಹ್ಯಾಂಕ್ ನ್ಯೂವರ್ ಎಂಬ ಪತ್ರಕರ್ತರು ದಶಕಗಳಿಂದ ಇಟ್ಟುಕೊಂಡು ಬಂದಿರುವ ಪಟ್ಟಿಯ ಪ್ರಕಾರ 1959ರಿಂದ 2021ರವರೆಗೆ ಅಮೆರಿಕದ ಶಾಲೆ, ಕಾಲೇಜು, ಸಂಘಗಳಲ್ಲಿ ಹೇಜಿಂಗ್‌ನಿಂದ ಕನಿಷ್ಠ ಒಂದಾದರೂ ಸಾವು ಆಗದ ವರ್ಷವಿಲ್ಲ. ನಗುವಿನ ಸಿನಿಮಾಗಳಲ್ಲಿ ಈ ಸಾವಿಗೆ ಜಾಗವಿಲ್ಲ. ಸಾವಿನ ಸುದ್ದಿಗಳಲ್ಲಿ ಲೆಕ್ಕ ಹೇಳಿಕೊಟ್ಟ ಆ ಹುಡುಗನಿಗೆ ಜಾಗವಿಲ್ಲ.

ಬಿಲ್ಲಿನಲ್ಲಿದ್ದ ವಿಮೆಯ ಸಾಲಿಗೆ ಮರಳುತ್ತೇನೆ, ಏಕೆಂದರೆ ಯಾವ ಸಿನಿಮಾವೂ ತೋರಿಸದ, ಆದರೆ ತಂದೆತಾಯಿಗಳು ಮೊದಲು ಓದಬೇಕಾದ ಸಾಲು ಅದು. 1984ರ ಕೇಂದ್ರ ಕಾನೂನಿನ ಒತ್ತಡದಿಂದ ಎಲ್ಲ ರಾಜ್ಯಗಳೂ ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದಾಗ ಕಾಲೇಜು ಹುಡುಗರ ಕುಡಿತ ನಿಲ್ಲಲಿಲ್ಲ, ಬಾರಿನಿಂದ ಮನೆಗೆ ಬಂತು. ಹುಡುಗಿಯರ ಇಂಥದೇ ಸಂಘಗಳಾದ ಸೊರಾರಿಟಿಗಳ ಮನೆಗಳಲ್ಲಿ ಮದ್ಯ ನಿಷಿದ್ಧ. ಹಾಗಾಗಿ ಪಾರ್ಟಿಯ ಹೊರೆಯೆಲ್ಲ ಫ್ರೆಟರ್ನಿಟಿ ಮನೆಗಳ ಮೇಲೆ ಬಿತ್ತು. 1980ರ ದಶಕದಲ್ಲಿ ವಿಮಾ ವಲಯದವರು ಫ್ರೆಟರ್ನಿಟಿಗಳನ್ನು ದೇಶದ ಅತಿ ಅಪಾಯದ ಗಿರಾಕಿಗಳಲ್ಲಿ ಆರನೆಯ ಸ್ಥಾನದಲ್ಲಿ, ವಿಷತ್ಯಾಜ್ಯ ತೆಗೆಯುವ ಕಂಪನಿಗಳ ನೆರೆಯಲ್ಲಿ ಇಟ್ಟಿದ್ದರೆಂದು 'ದಿ ಅಟ್ಲಾಂಟಿಕ್' ಪತ್ರಿಕೆ 2014ರ ಒಂದು ದೀರ್ಘ ಲೇಖನದಲ್ಲಿ ಬರೆಯಿತು. ಅಂದಿನಿಂದ ರಾಷ್ಟ್ರೀಯ ಸಂಸ್ಥೆಗಳು ಪುಟಗಟ್ಟಲೆ ನಿಯಮ ಮಾಡಿಕೊಂಡಿವೆ. 2019ರಿಂದ ಶೇ 15ಕ್ಕಿಂತ ತೀಕ್ಷ್ಣವಾದ ಮದ್ಯವನ್ನು ಮನೆಗಳಲ್ಲಿ ಬಹುಮಟ್ಟಿಗೆ ನಿಷೇಧಿಸಿವೆ. ನಿಯಮದಿಂದ ರಕ್ಷಣೆ ಸಿಗುವುದು ಹುಡುಗನಿಗಿಂತ ಮೊದಲು ಸಂಸ್ಥೆಗೆ: ನಿಯಮ ಮುರಿದ ಪಾರ್ಟಿಯಲ್ಲಿ ಅನಾಹುತವಾದರೆ ಈ ವಿಮೆ ಆ ಸದಸ್ಯನಿಗೆ ಒದಗದೆ ಹೋಗಬಹುದು, ಆಗ ವಕೀಲರು ಬರುವುದು ತಂದೆತಾಯಿಯ ಮನೆವಿಮೆಯ ಬಾಗಿಲಿಗೆ. ನಮ್ಮ ಮನೆವಿಮೆಯ ಏಜೆಂಟರನ್ನು ಇದರ ಬಗ್ಗೆ ಕೇಳಿದೆ. ಅವರು ಕನ್ನಡಕ ತೆಗೆದಿಟ್ಟು ನಕ್ಕು, ತಾವೂ ಫ್ರೆಟರ್ನಿಟಿಯವರೇ ಎಂದರು. ನಂತರ ನಗು ನಿಲ್ಲಿಸಿ ಹೆಚ್ಚುವರಿ ಹೊಣೆಗಾರಿಕೆಯ ಪಾಲಿಸಿಯ ಅರ್ಜಿಯನ್ನು ಮುಂದಿಟ್ಟರು. ಅದರ ಕಂತನ್ನೂ ಈ ಸೇವೆಯ ಬೆಲೆಗೆ ಸೇರಿಸಿಕೊಳ್ಳತಕ್ಕದ್ದು.

ಈ ಸೇವೆಯ ಮೇಲೆ ನನಗಿರುವ ನೇರವಾದ ದೂರು ಒಂದೇ. ಕಳೆದ ಅಕ್ಟೋಬರಿನಲ್ಲಿ, 21 ತುಂಬದವರಿಗೆ ಮದ್ಯ ಕೊಟ್ಟದ್ದಕ್ಕಾಗಿ ವಿಶ್ವವಿದ್ಯಾಲಯ ಈ ಚಾಪ್ಟರಿನ ಸಾಮಾಜಿಕ ಕಾರ್ಯಕ್ರಮಗಳನ್ನೆಲ್ಲ ಸೆಮಿಸ್ಟರ್ ಮುಗಿಯುವವರೆಗೆ ನಿಲ್ಲಿಸಿತು. ಕಾರ್ಯಕ್ರಮಗಳಿಗೆಂದು ಮೊದಲೇ ವಸೂಲು ಮಾಡಿದ್ದ ಹಣ ಹಿಂದಿರುಗಲಿಲ್ಲ, ಪೋಷಕರಿಗೆ ಒಂದು ಸಾಲಿನ ಪತ್ರವೂ ಬರಲಿಲ್ಲ. ಮಗನೂ ಬಾಯಿ ಬಿಡಲಿಲ್ಲ. ನನಗೆ ವಿಷಯ ತಿಳಿದದ್ದು ಆ ಕ್ಯಾಂಪಸ್ಸಿನ ವಿದ್ಯಾರ್ಥಿ ಪತ್ರಿಕೆಯಿಂದ. ಏಳು ಪ್ಯಾರಾಗಳ ಒಣ ಸುದ್ದಿ. ಯಾವ ದಿನ, ಯಾವ ನಿಯಮ, ಎಷ್ಟು ವಾರ ಎಂದಷ್ಟೇ ಇತ್ತು, ಹುಡುಗರನ್ನು ರಾಕ್ಷಸರನ್ನಾಗಿಯೂ ಮಾಡಿರಲಿಲ್ಲ, ಪುಂಡರ ತಮಾಷೆಯಾಗಿಯೂ ಮಾಡಿರಲಿಲ್ಲ. ಬರೆದವಳು ಎರಡನೆಯ ವರ್ಷದ ಹುಡುಗಿ, ಅದೇ ಬೀದಿಯಲ್ಲಿ ವಾಸ. 1967ರಲ್ಲಿ ಬರೆಯ ವಿಷಯ ಹೊರತಂದವರೂ ಇಂಥವರೇ ಎಂಬುದು ಆಗ ನೆನಪಾಯಿತು. ಮಕ್ಕಳನ್ನು ಫ್ರೆಟರ್ನಿಟಿಗೆ ಬಿಡಬೇಕೆಂದಿರುವವರು ಆ ಕ್ಯಾಂಪಸ್ಸಿನ ವಿದ್ಯಾರ್ಥಿ ಪತ್ರಿಕೆಯ ಹಿಂದಿನ ಐದು ವರ್ಷದ ಸಂಚಿಕೆಗಳಲ್ಲಿ ಆ ಚಾಪ್ಟರಿನ ಹೆಸರನ್ನು ಹುಡುಕಿ ಓದುವುದು ನೂರು ಸಿನಿಮಾ ನೋಡಿದ್ದಕ್ಕಿಂತ ಮೇಲು.

ಈಗಿನ ಚಿತ್ರವನ್ನು ಬಿಡಿಸುತ್ತಿರುವವರು ಸದಸ್ಯರೇ. 2021ರ ಆಗಸ್ಟಿನಲ್ಲಿ ಅಲಬಾಮ ವಿಶ್ವವಿದ್ಯಾಲಯದ ಸೊರಾರಿಟಿಗಳಿಗೆ ಸೇರಬಯಸಿದ ಹುಡುಗಿಯರು ದಿನದಿನದ ಉಡುಪು, ಓಲೆ, ಚಪ್ಪಲಿಗಳನ್ನು ಟಿಕ್‌ಟಾಕಿನಲ್ಲಿ ಒಂದೊಂದಾಗಿ ತೋರಿಸಿದ್ದನ್ನು ದೇಶವೆಲ್ಲ ಧಾರಾವಾಹಿಯಂತೆ ನೋಡಿತು. ಟಿಕ್‌ಟಾಕ್ ನಿಷೇಧವಾಗಿದ್ದ ಭಾರತದಲ್ಲೂ, ಬೆಂಗಳೂರಿನ ನನ್ನ ತಂಗಿಯ ಮಗಳಿಗೆ ಇನ್‌ಸ್ಟಾಗ್ರಾಂ ಮೂಲಕ ಅವರಲ್ಲಿ ಮೂವರ ಹೆಸರು ಗೊತ್ತಿತ್ತು. ಮಗನ ಚಾಪ್ಟರಿನ ಇನ್‌ಸ್ಟಾಗ್ರಾಂ ಪುಟದಲ್ಲಿ ರಕ್ತದಾನವಿದೆ, ಕ್ಯಾನ್ಸರ್ ಮಕ್ಕಳಿಗಾಗಿ ಓಟವಿದೆ, ಸೂಟು ತೊಟ್ಟ ಸಾಲಿದೆ; ಸದಸ್ಯರ ಖಾಸಗಿ ಖಾತೆಗಳಲ್ಲಿ ಇನ್ನೊಂದಿದೆ. ಎರಡನ್ನೂ ನೋಡಿಯೇ ಹುಡುಗರು ರಷ್‌ಗೆ ಬರುತ್ತಾರೆ.

ಈ ಚಿತ್ರದಲ್ಲಿ ಹಿಡಿಯದವರ ಬಗ್ಗೆ ಒಂದು ಮಾತು. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕರಿಯ ವಿದ್ಯಾರ್ಥಿಗಳು ಕಟ್ಟಿಕೊಂಡ ಆಲ್ಫಾ ಫೈ ಆಲ್ಫಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸದಸ್ಯರಾಗಿದ್ದರು. 1908ರ ಆಲ್ಫಾ ಕಪ್ಪ ಆಲ್ಫಾ ಸೊರಾರಿಟಿಗೆ ಕಮಲಾ ಹ್ಯಾರಿಸ್ ಸೇರಿದವರು. ಅವರ ಸದಸ್ಯತ್ವ ಕಾಲೇಜಿನೊಂದಿಗೆ ಮುಗಿಯುವುದಿಲ್ಲ, ಜೀವನಪೂರ್ತಿ ನಡೆಯುತ್ತದೆ. ದಕ್ಷಿಣ ಏಷ್ಯಾದ ಮೂಲದ ಹುಡುಗರದೇ ಆದ ಫ್ರೆಟರ್ನಿಟಿಗಳೂ ಇವೆ: 1998ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡೆಲ್ಟಾ ಎಪ್ಸಿಲಾನ್ ಸೈ, 1999ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಬೀಟಾ ಕೈ ಥೀಟಾ. ಬಿಳಿಯ ಕಂಬದ ಬಂಗಲೆ ಇವರಲ್ಲಿ ಬಹಳ ಚಾಪ್ಟರುಗಳಿಗಿಲ್ಲ, ಚಂದಾ ಕಡಿಮೆ. ಮಗನಿಗೆ ಇದನ್ನು ಸೂಚಿಸಿದ್ದೆ. "ಅಲ್ಲಿಗೆ ಹೋದ್ರೆ ಕನ್ನಡ ಕೂಟಕ್ಕೆ ಹೋದಂಗೇ ಇರತ್ತಪ್ಪ," ಎಂದ. ಅವನಿಗೆ ಬೇಕಾಗಿದ್ದದ್ದು ಸಿನಿಮಾದಲ್ಲಿ ಕಂಡ ಮನೆಯೇ.

ಹೇಜಿಂಗ್ ಎಂದರೆ ನಮ್ಮ ರ್ಯಾಗಿಂಗ್ ತಾನೇ ಎಂದು ಅಣ್ಣ ಕೇಳಿದ. ಪೂರ್ತಿ ಅಲ್ಲ. ರ್ಯಾಗಿಂಗ್ ಹಾಸ್ಟೆಲಿಗೆ ಬಂದ ಎಲ್ಲರ ಮೇಲೂ ಬೀಳುತ್ತದೆ. ಹೇಜಿಂಗ್ ಒಳಗೆ ಬರಲು ತಾನಾಗಿ ಬಾಗಿಲು ತಟ್ಟಿದವನ ಮೇಲೆ ಬೀಳುತ್ತದೆ, ಆದ್ದರಿಂದಲೇ ಅವನು ದೂರು ಕೊಡುವುದು ಅಪರೂಪ. ಒಪ್ಪಿಯೇ ಮಾಡಿದ್ದು ಎಂಬ ಸಬೂಬನ್ನು ಹಲವು ರಾಜ್ಯಗಳ ಕಾನೂನು ಈಗ ಒಪ್ಪುವುದಿಲ್ಲ. ಭಾರತದಲ್ಲಿ ಯುಜಿಸಿಯ 2009ರ ನಿಯಮದಂತೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಇಲ್ಲಿ ನನ್ನ ಸಹಿಯನ್ನು ಯಾರೂ ಕೇಳಲಿಲ್ಲ, ಕಾರ್ಡಿನ ಸಂಖ್ಯೆಯನ್ನು ಮಾತ್ರ ಕೇಳಿದರು. 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ಸಹಿ ಹಾಕಿದ ಕೇಂದ್ರ ಕಾನೂನಿನಂತೆ ಹೇಜಿಂಗ್‌ನಲ್ಲಿ ತಪ್ಪಿತಸ್ಥವೆಂದು ತೀರ್ಮಾನವಾದ ಸಂಘಗಳ ಹೆಸರು, ತಪ್ಪು, ಶಿಕ್ಷೆಗಳನ್ನು ಕಾಲೇಜುಗಳು ತಾವೇ ಪ್ರಕಟಿಸಬೇಕು. ಮಗನ ವಿಶ್ವವಿದ್ಯಾಲಯದ ಪಟ್ಟಿಯನ್ನು ನಾನೂ ನನ್ನ ಹೆಂಡತಿಯೂ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದೆವು. ಅವನ ಮನೆಯ ಹೆಸರು ಅದರಲ್ಲಿ ಇರಲಿಲ್ಲ. ಅವಳು ಸ್ಟವ್ ಹಚ್ಚಿ ಹಾಲಿಟ್ಟಳು.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಸ್ನೇಹಕ್ಕೂ ಓದಿನ ನೆರವಿಗೂ ನಾಲ್ಕು ಕೊಡಬಹುದಿತ್ತು. ಹಣದ ಲೆಕ್ಕಕ್ಕೆ ಎರಡು. ಪೋಷಕರಿಗೆ ತಿಳಿಸುವ ವಿಷಯದಲ್ಲಿ ಒಂದೂ ಇಲ್ಲ. ನಾಲ್ಕನೆಯ ಬಿಲ್ಲು ಬಂದರೆ ಕಟ್ಟುತ್ತೇನೆ.

ಈ ವರ್ಷ ಮಗನನ್ನು ಚಾಪ್ಟರಿನ ರಿಸ್ಕ್ ಮ್ಯಾನೇಜರ್ ಆಗಿ ಆರಿಸಿದ್ದಾರೆ. ಬಾಗಿಲಲ್ಲಿ ನಿಂತು ಅತಿಥಿಗಳ ಪಟ್ಟಿ ನೋಡುವುದು, 21 ತುಂಬಿದವರ ಮಣಿಕಟ್ಟಿಗೆ ಪಟ್ಟಿ ಕಟ್ಟುವುದು, ವರದಿ ಬರೆಯುವುದು ಅವನ ಪಾಲಿನ ಕೆಲಸ. ಹೋದ ವಾರ ರಾಷ್ಟ್ರೀಯ ಸಂಸ್ಥೆಯ ಅಧಿಕಾರಿಯೊಬ್ಬರು ತಪಾಸಣೆಗೆ ಬರುವ ಹಿಂದಿನ ರಾತ್ರಿ ಅವನೇ ನೆಲಮಾಳಿಗೆಗೆ ಇಳಿದು ಕಿತ್ತಿದ್ದ ಸೂಚನೆಯ ಮೂಲೆಗೆ ಹೊಸ ಟೇಪು ಹಚ್ಚಿ, ಪೋಸ್ಟರನ್ನು ಇಳಿಸಿ ವಾಟರ್ ಹೀಟರಿನ ಹಿಂದೆ ಒರಗಿಸಿಟ್ಟನಂತೆ. ಅಧಿಕಾರಿ ಹೋದರೇನೋ ಎಂದು ಕೇಳಿದೆ. "ಹೋದ್ರು ಅಪ್ಪಾ, ಮಧ್ಯಾಹ್ನನೇ," ಎಂದ. ಪೋಸ್ಟರ್ ಎಲ್ಲಿದೆ ಎಂದು ಕೇಳಿದೆ. "ಅದು ಅದರ ಜಾಗದಲ್ಲೇ ಇದೆ. ಶುಕ್ರವಾರ ರಷ್ ಅಲ್ವಾ? ಚಟ್ನಿಪುಡಿ ಎರಡು ಪ್ಯಾಕೆಟ್ ಜಾಸ್ತಿ ಕಳಿಸೋಕೆ ಅಮ್ಮಂಗೆ ಹೇಳು."